ಬೆಲ್ಟು, ಬೂಷ್ಟು ಮತ್ತು ನನ್ನ ಸೊಂಟ

ನನ್ನ ಕೆಲಸವೇ ತೂಕ ಹಾಕುವುದು. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೇನೆ. ರೊಬಸ್ಟಾ ಕೊಯ್ಲಿನ ದಿನಗಳಲ್ಲಿ ಸಂಜೆಯಾದರೆ ಕಣದಲ್ಲಿ ತಕ್ಕಡಿ ಪಕ್ಕ ನಿಲ್ಲುತ್ತೇನೆ. ಒಬ್ಬೊಬ್ಬರ ಚೀಲ ಬರುತ್ತದೆ, ತೂಗುತ್ತೇನೆ, ಬರೆಯುತ್ತೇನೆ. ಅರ್ಧ ಕೆಜಿ ಆಚೀಚೆ ಆದರೂ ಕೊಯ್ಯುವವರು ಬಿಡುವುದಿಲ್ಲ, ಬಿಡಲೂಬಾರದು. ಹೀಗೆ ದಿನವಿಡೀ ಬೇರೆಯವರ ಭಾರ ಬರೆದುಕೊಳ್ಳುವವನು 41ನೇ ವಯಸ್ಸಿನಲ್ಲಿ ತಾನೇ ಎತ್ತಲು ಹೋಗಿ ಸೊಂಟ ಕೆಡಿಸಿಕೊಂಡೆ.

ಕೊಡಗಿನಲ್ಲಿ ಆಟ ಅಂದರೆ ಹಾಕಿ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಈಗ ಎಷ್ಟು ದೊಡ್ಡದಾಗಿದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಕಡೆ ಐವತ್ತು ದಾಟಿದ ಗಂಡಸರಲ್ಲಿ ಅರ್ಧ ಜನ ಮೆಟ್ಟಿಲು ಇಳಿಯುವಾಗ ಮಂಡಿ ಹಿಡಿದುಕೊಂಡು ಒಂದು ಹಾಕಿ ಕಥೆ ಹೇಳುತ್ತಾರೆ. ನಾನು ಹಾಕಿಯಲ್ಲಿ ಯಾವತ್ತೂ ಲೆಕ್ಕಕ್ಕಿರಲಿಲ್ಲ. ಹೊಟ್ಟೆ ಕರಗಿಸೋಣ ಅಂತ ವಿರಾಜಪೇಟೆಯ ಒಂದು ಜಿಮ್ಮಿಗೆ ಸೇರಿದೆ, ಅಷ್ಟೇ. ಅಲ್ಲಿ ಕಾಲೇಜು ಓದುವ ಒಬ್ಬ ಹುಡುಗ ಪವರ್‌ಲಿಫ್ಟಿಂಗ್ ಮಾಡುತ್ತಿದ್ದ. ಒಂದು ದಿನ ನನ್ನ ಕಾಲು ನೋಡಿ, "ಅಣ್ಣ, ತೋಟ ಹತ್ತಿ ಇಳಿದ ಕಾಲು ಇದು. 40ರಿಂದ 49ರ ಮಾಸ್ಟರ್ಸ್ ವಿಭಾಗ ಅಂತ ಇದೆ, ಜನ ಕಡಿಮೆ, ಮೆಡಲ್ ಗ್ಯಾರಂಟಿ" ಅಂದ. ಮೆಡಲ್ ಅನ್ನುವ ಮಾತು ಆ ವಯಸ್ಸಿನಲ್ಲಿ ಜಾಸ್ತಿ ಕೆಲಸ ಮಾಡುತ್ತದೆ.

ಪವರ್‌ಲಿಫ್ಟಿಂಗ್ ಅಂದರೆ ಒಲಿಂಪಿಕ್ಸ್‌ನಲ್ಲಿ ತಲೆ ಮೇಲೆ ಎತ್ತುತ್ತಾರಲ್ಲ, ಅದಲ್ಲ. ಇದರಲ್ಲಿ ಮೂರು ಬಗೆ. ಹೆಗಲ ಮೇಲೆ ಬಾರು (ಎರಡೂ ತುದಿಗೆ ಪ್ಲೇಟು ಹಾಕುವ ಕಬ್ಬಿಣದ ಸಲಾಕೆ) ಇಟ್ಟುಕೊಂಡು ಕೂತು ಏಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್, ನೆಲದಿಂದ ತೊಡೆವರೆಗೆ ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್. ಒಂದೊಂದಕ್ಕೆ ಮೂರು ಅವಕಾಶ. ಮೂರರಲ್ಲೂ ನಿಮ್ಮ ಅತಿ ಹೆಚ್ಚಿನದನ್ನು ಕೂಡಿಸಿದರೆ ಟೋಟಲ್.

ಮೊದಲ ತಿಂಗಳಲ್ಲೇ ಭಾರ ಎತ್ತುವಾಗ ಸೊಂಟಕ್ಕೆ ಕಟ್ಟುವ ಬೆಲ್ಟು ತಂದೆ. ಅಂಗಡಿಯವನು ತೋರಿಸಿದ್ದರಲ್ಲಿ ನೋಡಲು ಗಟ್ಟಿಮುಟ್ಟಾಗಿದ್ದುದನ್ನೇ ಆರಿಸಿದೆ. ಬೆನ್ನಿನ ಕಡೆ ಒಂದು ಗೇಣಿಗೆ ಸ್ವಲ್ಪ ಕಡಿಮೆ ಅಗಲ, ಒಳಗೆ ಸ್ಪಂಜು, ಮುಂದೆ ಬರುತ್ತಾ ಪ್ಯಾಂಟಿನ ಬೆಲ್ಟಿನಷ್ಟು ಸಣ್ಣ. ಕಟ್ಟಿಕೊಂಡರೆ ಬೆನ್ನಿಗೆ ಯಾರೋ ಅಂಗೈ ಇಟ್ಟು ಹಿಡಿದ ಹಾಗೆ. ಇನ್ನೇನು ಭಯ? ಸೊಂಟ ಭದ್ರವಾಯಿತು ಅಂತ ವಾರಕ್ಕೆ ಐದು ಕೆಜಿ, ಹತ್ತು ಕೆಜಿ ಏರಿಸುತ್ತಾ ಹೋದೆ. ಹುಡುಗ ಒಂದೆರಡು ಸಲ, "ಅಣ್ಣ, ಎತ್ತುವಾಗ ಬೆನ್ನು ಬಗ್ಗುತ್ತಿದೆ" ಅಂದ. ಬೆಲ್ಟು ಇದೆಯಲ್ಲ ಅಂದೆ.

ಜನವರಿ ಕೊನೆಯ ವಾರ. ಬೆಳಗ್ಗಿನಿಂದ ಲಾರಿಗೆ ಲೋಡಿಂಗ್. ಜನ ಕಡಿಮೆ ಇದ್ದರು ಅಂತ ನಾನೂ ಕೈ ಹಾಕಿ ಐವತ್ತು ಕೆಜಿಯ ಮೂಟೆಗಳನ್ನು ಎಳೆದಾಡಿದ್ದೆ. ಜಿಮ್ಮಿಗೆ ಹೋದಾಗ ಐದು ಗಂಟೆ. ನಮ್ಮ ಕಡೆ ಕತ್ತಲಾದ ಮೇಲೆ ಬೈಕಿನಲ್ಲಿ ಬರುವಂತಿಲ್ಲ, ರಸ್ತೆಗೆ ಆನೆ ಇಳಿಯುತ್ತದೆ. ಆರೂವರೆಗೆ ಮನೆಯಲ್ಲಿರಬೇಕು. ಡೆಡ್‌ಲಿಫ್ಟಿಗೆ ವಾರ್ಮಪ್ ಅಂತ 60 ಕೆಜಿ ಒಂದು ಸಲ, 100 ಒಂದು ಸಲ, 140 ಒಂದು ಸಲ. ಆಮೇಲೆ ನೇರ 170. ಅದುವರೆಗೆ ನಾನು ಎತ್ತಿದ್ದ ಹೆಚ್ಚೆಂದರೆ 160.

ಬಾರು ನೆಲ ಬಿಟ್ಟಿತು. ಮಂಡಿವರೆಗೆ ಬಂತು. ಅಲ್ಲಿ ನಿಂತಿತು. ಬಿಟ್ಟುಬಿಡಬೇಕಿತ್ತು. ಹಲ್ಲು ಕಚ್ಚಿ ಎಳೆದೆ. ಬಲಗಡೆ ಸೊಂಟದಲ್ಲಿ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಸದ್ದೇನೂ ಬರಲಿಲ್ಲ. ಬಾರು ಕೈಯಿಂದ ಬಿತ್ತು, ನಾನು ಅದರ ಪಕ್ಕದಲ್ಲೇ ರಬ್ಬರ್ ಮ್ಯಾಟಿನ ಮೇಲೆ ಮಂಡಿಯೂರಿದೆ. ಬೆಲ್ಟು ಮಾತ್ರ ಒಂದು ಚೂರೂ ಜರುಗದೆ ಕಟ್ಟಿದಲ್ಲೇ ಇತ್ತು.

ಆ ರಾತ್ರಿ ಯಾರದೋ ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿ ಮನೆಗೆ ಬಂದೆ. ಹೆಂಡತಿ ಏನೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಊರಲ್ಲಿ ಸೊಂಟ ನೋವು ಅಂದರೆ ಪ್ರತಿಯೊಬ್ಬರೂ ಡಾಕ್ಟರು. ಒಬ್ಬರು ಬೆನ್ನು ಎಳೆಯುವವರ ವಿಳಾಸ ಕೊಟ್ಟರು, ಇನ್ನೊಬ್ಬರು ಹಂದಿ ಕೊಬ್ಬು ಕಾಯಿಸಿ ಹಚ್ಚು ಅಂದರು. ಮತ್ತೊಬ್ಬರು ಮೂರು ತಿಂಗಳು ಹಲಗೆ ಮೇಲೆ ಮಲಗಬೇಕು ಅಂದರು. ನಾನು ಹೋದದ್ದು ಡಾಕ್ಟರ ಹತ್ತಿರ. ಅವರು ಕೇಳಿದ ಪ್ರಶ್ನೆಗಳು ನನಗೆ ಇವತ್ತಿಗೂ ಬಾಯಿಪಾಠ. ಕಾಲಿಗೆ ಜೋಮು ಇಳಿಯುತ್ತದಾ? ಪಾದ ಎತ್ತಿ ಹಿಮ್ಮಡಿಯಲ್ಲಿ ನಡೆಯೋಕೆ ಆಗುತ್ತದಾ? ತೊಡೆ ಸಂದಿಯಲ್ಲಿ ಮರಗಟ್ಟಿದ ಹಾಗಿದೆಯಾ? ಮೂತ್ರ, ಮಲ ಹಿಡಿತದಲ್ಲಿದೆಯಾ? ಇದರಲ್ಲಿ ಯಾವುದಾದರೂ ಕೆಟ್ಟಿದ್ದರೆ ಒಂದು ಗಂಟೆಯೂ ಕಾಯದೆ ದೊಡ್ಡಾಸ್ಪತ್ರೆಗೆ ಓಡಬೇಕಂತೆ. ನನಗೆ ಯಾವುದೂ ಇರಲಿಲ್ಲ. "ಸ್ಕ್ಯಾನ್ ಈಗ ಬೇಡ. ಮಲಗಿಕೊಂಡೇ ಇರಬೇಡಿ, ನಡೆದಾಡಿ" ಅಂದರು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟು ನೋವಿಗೆ ಒಂದು ಸ್ಕ್ಯಾನ್ ಕೂಡ ಇಲ್ವಾ ಅಂತ.

ಮೊದಲ ವಾರ ಹಾಸಿಗೆಯಿಂದ ಏಳುವುದೇ ಒಂದು ಕಸರತ್ತು. ಮಗ್ಗುಲಾಗಿ ಕಾಲು ಇಳಿಬಿಟ್ಟು, ಕೈ ಊರಿ, ಅಮ್ಮಾ ಅಂತ ಏಳಬೇಕು. ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಓದುತ್ತಿದ್ದೆ. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದವರು, ಪವರ್‌ಲಿಫ್ಟಿಂಗ್‌ನಲ್ಲಿ ಸಾವಿರ ಗಂಟೆ ತರಬೇತಿಗೆ 1ರಿಂದ 4.4 ಗಾಯ ಅಂತ ಲೆಕ್ಕ ಕೊಟ್ಟಿದ್ದಾರೆ. ಮೈಗೆ ಮೈ ತಾಗುವ ಆಟಗಳಿಗಿಂತ ಇದು ಕಡಿಮೆ. ಓದಿ ಸಮಾಧಾನವಾಯಿತು. ಮಾರನೇ ರಾತ್ರಿ ಇನ್ನೊಂದು ಸಿಕ್ಕಿತು. 2018ರಲ್ಲಿ ಸ್ವೀಡನ್ನಿನಲ್ಲಿ 104 ಲಿಫ್ಟರುಗಳನ್ನು ಕೇಳಿದಾಗ ನೂರಕ್ಕೆ 70 ಜನ ಆ ಹೊತ್ತಿಗೆ ಯಾವುದೋ ಒಂದು ಗಾಯದಲ್ಲಿದ್ದರು, ಹಿಂದಿನ ಒಂದು ವರ್ಷದಲ್ಲಿ ಗಾಯ ಕಂಡವರು ನೂರಕ್ಕೆ 87 ಜನ. ಸೊಂಟ, ಭುಜ, ತೊಡೆಯ ಕೀಲು, ಇವೇ ಮುಖ್ಯ ಜಾಗಗಳು. ಬಿದ್ದು ಆಸ್ಪತ್ರೆ ಸೇರಿದವರ ಲೆಕ್ಕ ಅಲ್ಲ ಅದು, ಹೆಚ್ಚಿನವರು ಅಭ್ಯಾಸವನ್ನು ಅಷ್ಟಿಷ್ಟು ಬದಲಿಸಿಕೊಂಡು ಎತ್ತುತ್ತಲೇ ಇದ್ದರು. ಎರಡು ಲೆಕ್ಕವೂ ಸರಿಯೇ. ಯಾವುದನ್ನು ಗಾಯ ಅಂತ ಬರೆಯುತ್ತೀರಿ ಅನ್ನುವುದರ ಮೇಲೆ ಲೆಕ್ಕ ನಿಂತಿರುತ್ತದೆ, ಅಲ್ವಾ? ರೈಟರ್‌ಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು.

ಮೂರನೇ ವಾರ ಮೈಸೂರಿಗೆ ಹೋದೆ, ಕ್ರೀಡಾಪಟುಗಳನ್ನು ನೋಡುವ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ. ಮಾಲ್ದಾರೆ, ಪಿರಿಯಾಪಟ್ಟಣ, ಹುಣಸೂರು, ದಾರಿಯಲ್ಲಿರುವ ಒಂದೊಂದು ಹಂಪನ್ನೂ ನನ್ನ ಸೊಂಟ ಎಣಿಸಿತು. ಆಕೆ ಚಿಕ್ಕ ವಯಸ್ಸಿನವರು. ಬೆಲ್ಟನ್ನು ಮೇಜಿನ ಮೇಲೆ ಇಡಿಸಿಕೊಂಡು, ಮುಂದಿನ ಸಣ್ಣ ಭಾಗವನ್ನು ಎರಡು ಬೆರಳಲ್ಲಿ ಹಿಡಿದು, "ನಿಮ್ಮ ಹೊಟ್ಟೆ ಇದರಲ್ಲಿ ಎಲ್ಲಿಗೆ ಒತ್ತಬೇಕು?" ಅಂತ ಕೇಳಿದರು. ಪ್ರಶ್ನೆಯೇ ಅರ್ಥವಾಗಲಿಲ್ಲ. ಬೆಲ್ಟು ಇರೋದು ಬೆನ್ನಿಗಲ್ವಾ ಅಂದೆ.

ಆಕೆ ನನ್ನನ್ನು ನಿಲ್ಲಿಸಿ, ಪಕ್ಕೆಲುಬಿನ ಕೆಳಗೆ ಎರಡೂ ಕಡೆ ಬೆರಳು ಒತ್ತಿ, ಕೆಮ್ಮಿ ಅಂದರು. ಕೆಮ್ಮಿದೆ. ಬೆರಳು ಹೊರಗೆ ತಳ್ಳಿತು. "ಈಗ ಕೆಮ್ಮದೆ ಹಾಗೇ ತಳ್ಳಿ." ಬರಲಿಲ್ಲ. ನಾನು ಎದೆ ಉಬ್ಬಿಸುತ್ತಿದ್ದೆ, ಹೊಟ್ಟೆ ಒಳಗೆ ಹೋಗುತ್ತಿತ್ತು. ಅರ್ಧ ಗಂಟೆ ಅದೇ ಪಾಠ. ಮೂಗಿನಿಂದ ಉಸಿರು ಎಳೆದು ಹೊಟ್ಟೆಯ ಸುತ್ತ, ಮುಂದೆ, ಪಕ್ಕ, ಹಿಂದೆ, ಎಲ್ಲ ಕಡೆ ತುಂಬಬೇಕು. ಆಮೇಲೆ ಯಾರೋ ಹೊಟ್ಟೆಗೆ ಗುದ್ದಲು ಬರುತ್ತಾರೆ ಅನ್ನುವ ಹಾಗೆ ಬಿಗಿ ಹಿಡಿಯಬೇಕು. ಒಳಗಿನ ಈ ಒತ್ತಡವೇ ಬೆನ್ನೆಲುಬಿಗೆ ಮುಂದಿನಿಂದ ಕೊಡುವ ಆಸರೆ. ಬೆಲ್ಟು ಮಾಡುವುದು ಇಷ್ಟೇ, ಹೊಟ್ಟೆ ತಳ್ಳುವಾಗ ಎದುರು ಒಂದು ಗೋಡೆಯಾಗಿ ನಿಲ್ಲುತ್ತದೆ. ತಳ್ಳಿದರೆ ಒತ್ತಡ ಇನ್ನೂ ಏರುತ್ತದೆ. ತಳ್ಳದಿದ್ದರೆ ಅದು ಸುಮ್ನೆ ಒಂದು ಚರ್ಮದ ಪಟ್ಟಿ. ನನ್ನದಂತೂ ಮುಂದೆ ಗೋಡೆಯೇ ಇಲ್ಲದ ಬೆಲ್ಟು. ಇಷ್ಟು ದಿನ ನಾನು ಅದನ್ನು ಪ್ಲಾಸ್ಟರ್ ಹಾಗೆ ಕಟ್ಟಿಕೊಂಡು, ಒಳಗೆ ಖಾಲಿ ಚೀಲದಂತೆ ನಿಂತು ಎಳೆದಿದ್ದೆ.

ಖಾಲಿ ಚೀಲ ಅನ್ನುವ ಮಾತು ನನ್ನದು, ಆಕೆಯದ್ದಲ್ಲ. ಕಣದಲ್ಲಿ ದಿನವೂ ನೋಡುತ್ತೇನೆ. ತುಂಬಿ ಬಾಯಿ ಬಿಗಿದ ಮೂಟೆ ನೆಟ್ಟಗೆ ನಿಲ್ಲುತ್ತದೆ, ಅದರ ಮೇಲೆ ಇನ್ನೊಂದು ಪೇರಿಸಬಹುದು. ಅರ್ಧ ತುಂಬಿದ್ದು ನಡುವೆ ಮಡಚಿ ಬೀಳುತ್ತದೆ.

ಉಸಿರು ಕಟ್ಟಿ ಒತ್ತಡ ಹಾಕಿದರೆ ರಕ್ತದೊತ್ತಡ ಆ ಕ್ಷಣಕ್ಕೆ ಜೋರಾಗಿ ಏರುತ್ತದೆ, ಹಾಗಾಗಿ ಬಿಪಿ ಇದ್ದವರು ಡಾಕ್ಟರನ್ನು ಕೇಳಿಯೇ ಮಾಡಬೇಕು ಅಂತಲೂ ಹೇಳಿ, ನನ್ನ ಬಿಪಿ ನೋಡಿಯೇ ಕಳಿಸಿದರು.

ಆಮೇಲಿನ ಮೂರು ತಿಂಗಳು ಹೇಳಲು ಹೆಚ್ಚೇನಿಲ್ಲ. ನಡಿಗೆ, ನೆಲದ ಮೇಲಿನ ವ್ಯಾಯಾಮ, ಆಮೇಲೆ ಬರೀ ಬಾರು, 20 ಕೆಜಿ. ಅದನ್ನೂ ನೆಲದಿಂದಲ್ಲ, ಎರಡು ಮರದ ದಿಮ್ಮಿ ಮೇಲಿಟ್ಟು ಮಂಡಿ ಎತ್ತರದಿಂದ. ಪಕ್ಕದಲ್ಲಿ ಹುಡುಗಿಯರು 60, 70 ಎತ್ತುತ್ತಿದ್ದರು. ನಾನು ಕನ್ನಡಿ ಕಡೆ ನೋಡುವುದನ್ನು ಬಿಟ್ಟೆ. ಇನ್ನೂ ಎರಡು ಸಲ ಎತ್ತಬಹುದಿತ್ತು ಅನಿಸುವಾಗಲೇ ನಿಲ್ಲಿಸಬೇಕು ಅನ್ನುವುದು ಆಕೆ ಹಾಕಿದ ನಿಯಮ. ಬೆಲ್ಟು ಪೂರ್ತಿ ಬಂದ್.

ಜಿಮ್ಮಿಗೆ ಮರಳಿದ ಮೇಲೆ ನಾನು ಮಾಡಿದ ಒಂದು ಕೆಲಸ ಮಾತ್ರ ಹೇಳಲೇಬೇಕು. ತೋಟದ ತೂಗುಹಾಕುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿ, ಜಿಮ್ಮಿನ ಪ್ಲೇಟುಗಳನ್ನೆಲ್ಲ ಒಂದೊಂದಾಗಿ ತೂಗಿದೆ. 20 ಅಂತ ಬರೆದದ್ದರಲ್ಲಿ ಒಂದು 18.7, ಇನ್ನೊಂದು 21.3. ಹತ್ತರಲ್ಲಿ ನೂರು ಗ್ರಾಂ ಒಳಗೆ ಸರಿಯಿದ್ದವು ಎರಡೇ ಎರಡು. ಸ್ಪರ್ಧೆಯ ಪ್ಲೇಟುಗಳಿಗೆ ಐಪಿಎಫ್, ಅಂದರೆ ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಲ್ಲಿ ಬಿಡುವ ವ್ಯತ್ಯಾಸ ನೂರಕ್ಕೆ ಕಾಲು ಭಾಗ, 20 ಕೆಜಿಗೆ 50 ಗ್ರಾಂ. ನನ್ನ ಸೊಂಟ ಹೋದ ದಿನ ಯಾವ ಕಡೆ ಯಾವ ಪ್ಲೇಟು ಇತ್ತೋ ದೇವರೇ ಬಲ್ಲ. ಒಂದು ಕಡೆ ಐದಾರು ಕೆಜಿ ಜಾಸ್ತಿ ಇದ್ದಿರಲೂಬಹುದು. ಮಾಲೀಕರಿಗೆ ಹೇಳಿದೆ. "ಇಷ್ಟು ವರ್ಷದಲ್ಲಿ ಯಾರೂ ಕೇಳಿಲ್ಲ ಸಾರ್" ಅಂದರು. ಸಿಟ್ಟು ಬಂತು, ಆದರೆ ವಾದ ಮಾಡಲಿಲ್ಲ. ಬಿಳಿ ಪೇಂಟು ತಂದು ಪ್ರತಿ ಪ್ಲೇಟಿನ ಹಿಂದೆ ನಿಜವಾದ ತೂಕ ಬರೆದುಬಿಟ್ಟೆ. ಈಗ ಎಲ್ಲರೂ ಹಿಂದೆ ತಿರುಗಿಸಿ ನೋಡಿಯೇ ಜೋಡಿ ಮಾಡುತ್ತಾರೆ.

ಜೂನ್‌ನಲ್ಲಿ ಹೊಸ ಬೆಲ್ಟು ಬಂತು. ಸುತ್ತಲೂ ಒಂದೇ ಅಗಲ, 10 ಸೆಂಟಿಮೀಟರ್. ದಪ್ಪ 13 ಮಿಲಿಮೀಟರ್. ನಿಯಮದಲ್ಲಿ ಇದಕ್ಕಿಂತ ಜಾಸ್ತಿ ಬಿಡುವುದಿಲ್ಲ, ನನ್ನ ಹಳೇ ಬೆಲ್ಟು ಬಾಗಿಲಲ್ಲೇ ವಾಪಸಾಗುತ್ತಿತ್ತು. ಹೊಸದು ಹಲಗೆ ಹಾಗೆ ಗಟ್ಟಿ. ಮೊದಲ ಹದಿನೈದು ದಿನ ಪಕ್ಕೆಯ ಚರ್ಮ ತರಚಿ, ಸ್ನಾನ ಮಾಡುವಾಗ ಸೋಪು ಉರಿಯುತ್ತಿತ್ತು. ಆದರೆ ಉಸಿರು ತುಂಬಿ ಹೊಟ್ಟೆ ತಳ್ಳಿದಾಗ ಸುತ್ತಲಿಂದಲೂ ಅದು ತಿರುಗಿ ತಳ್ಳುವುದು ಗೊತ್ತಾಗುತ್ತದೆ. ಎಷ್ಟು ಬಿಗಿ? ಉಸಿರು ತುಂಬುವ ಮೊದಲು ಬೆರಳು ಒಳಗೆ ತೂರಬೇಕು, ತುಂಬಿದ ಮೇಲೆ ತೂರಬಾರದು. ನಾನು 120 ಕೆಜಿ ದಾಟಿದ ಮೇಲೆ ಮಾತ್ರ ಹಾಕುತ್ತೇನೆ. ಅದಕ್ಕಿಂತ ಕೆಳಗೆ ನನ್ನ ಹೊಟ್ಟೆಯೇ ಕೆಲಸ ಕಲಿಯಲಿ.

ಮಳೆಗಾಲದಲ್ಲಿ ಕೊಡಗಿನಲ್ಲಿ ಚರ್ಮದ ಸಾಮಾನು ಇಟ್ಟುಕೊಂಡವರಿಗೆ ಮುಂದಿನದು ಗೊತ್ತೇ ಇದೆ. ಒಂದು ವಾರ ಜ್ವರ ಬಂದು ಜಿಮ್ಮಿಗೆ ಹೋಗಲಿಲ್ಲ. ಬ್ಯಾಗು ತೆಗೆದರೆ ಬೆಲ್ಟಿನ ಮೇಲೆ ಹಸಿರು ಬೂಷ್ಟು, ಹೊಲಿಗೆಯ ಗೆರೆಯುದ್ದಕ್ಕೂ ಬಿಳಿ ಹತ್ತಿ ಇಟ್ಟ ಹಾಗೆ. ಮಂಡಿಗೆ ತೊಡುವ ಸ್ಲೀವ್ಸ್ ಒಗೆದು ಐದು ದಿನವಾದರೂ ಒಣಗಿರಲಿಲ್ಲ, ಮುಗ್ಗಲು ವಾಸನೆ ಬೇರೆ. ಕೈಗೆ ಹಚ್ಚುವ ಚಾಕ್ ಪುಡಿ ಡಬ್ಬಿಯಲ್ಲೇ ಹಿಟ್ಟಿನ ಉಂಡೆಯಾಗಿತ್ತು. ಜಿಮ್ಮಿನ ಬಾರೂ ತುಕ್ಕು ಹಿಡಿದು ಕೈಯೆಲ್ಲ ಕಂದು. ಬೆಲ್ಟನ್ನು ವಿನೆಗರ್ ಬಟ್ಟೆಯಲ್ಲಿ ಒರೆಸಿ, ಅಡುಗೆ ಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ತೂಗುಹಾಕಿದೆವು. ಒಣಗಿಸಿದ ಮೀನು, ಹುಣಸೆ, ಕಾಚಂಪುಳಿ ಬಾಟಲಿ, ಅವುಗಳ ಮಧ್ಯೆ ನನ್ನ ಬೆಲ್ಟು. ಬಿಸಿ ಜಾಸ್ತಿಯಾದರೆ ಚರ್ಮ ಸೀಳುತ್ತದೆ ಅಂತ ಅತ್ತೆ ದಿನಾ ಒಂದು ಸಲ ಮುಟ್ಟಿ ನೋಡಿ ಜಾಗ ಬದಲಿಸುತ್ತಿದ್ದರು. ಬೂಷ್ಟು ಹೋಯಿತು. ಹೊಗೆ ವಾಸನೆ ಇವತ್ತಿಗೂ ಹೋಗಿಲ್ಲ.

ಆಗಸ್ಟ್ 3ಕ್ಕೆ ಕಕ್ಕಡದ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಅವತ್ತು ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಅಂತ ನಂಬಿಕೆ. ಪಕ್ಕದ ಮನೆಯವರು ನನ್ನ ಸೊಂಟಕ್ಕೆಂದೇ ಆ ಸೊಪ್ಪಿನ ಪಾಯಸ ಒಂದು ಪಾತ್ರೆ ಜಾಸ್ತಿ ಕಳಿಸಿದರು. ಮಾರನೇ ಬೆಳಗ್ಗೆ ಮೂತ್ರ ಕೆಂಪಗೆ ಹೋಯಿತು. ಆ ಸೊಪ್ಪು ತಿಂದರೆ ಅದು ಪ್ರತಿ ವರ್ಷವೂ ಆಗುವುದೇ, ಆದರೂ ಡಾಕ್ಟರ ಪ್ರಶ್ನೆಗಳು ನೆನಪಾಗಿ ಒಂದು ಕ್ಷಣ ಎದೆ ಧಸಕ್ ಅಂದಿತು.

ಸ್ಲೀವ್ಸ್ ವಿಷಯ. ದಪ್ಪ ರಬ್ಬರ್ ಬಟ್ಟೆಯ ಕೊಳವೆ ಅದು, ನಿಯಮದ ಪ್ರಕಾರ ದಪ್ಪ 7 ಮಿಲಿಮೀಟರ್, ಉದ್ದ 30 ಸೆಂಟಿಮೀಟರ್ ಮೀರಬಾರದು. ಮಂಡಿಯನ್ನು ಬೆಚ್ಚಗಿಡುತ್ತದೆ, ಅವುಚಿ ಹಿಡಿಯುತ್ತದೆ, ಕೆಳಗೆ ಕೂತಾಗ ಕೊಂಚ ಧೈರ್ಯ ಕೊಡುತ್ತದೆ. ಹಾಳಾದ ಮಂಡಿಯನ್ನು ಸರಿ ಮಾಡುವುದಿಲ್ಲ. ಬಿಗಿಯಾದಷ್ಟು ಚೆನ್ನ ಅಂತ ಯಾರೋ ಹೇಳಿದ್ದನ್ನು ನಂಬಿ ಒಂದು ಸೈಜು ಸಣ್ಣದು ತರಿಸಿದ್ದೆ. ಪಾದ ದಾಟಿಸುವುದೇ ಸಾಹಸ. ತೋಟದವನ ಬುದ್ಧಿ, ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕತ್ತರಿಸಿ ಕಾಲಿಗೆ ಹಾಕಿಕೊಂಡು ಅದರ ಮೇಲೆ ಸ್ಲೀವ್ ಎಳೆದರೆ ಬೆಣ್ಣೆಯಂತೆ ಜಾರಿತು. ನಾನೇ ಕಂಡುಹಿಡಿದೆ ಅಂತ ಹೆಮ್ಮೆಪಟ್ಟು ಹುಡುಗನಿಗೆ ತೋರಿಸಿದೆ. ಅವನು ಬಿದ್ದು ಬಿದ್ದು ನಕ್ಕ. ಪ್ಲಾಸ್ಟಿಕ್ ಇಟ್ಟು ಜಾರಿಸುವುದು, ಇನ್ನೊಬ್ಬರಿಂದ ಎಳೆಸಿಕೊಳ್ಳುವುದು, ಎರಡನ್ನೂ ನಿಯಮದಲ್ಲಿ ನಿಷೇಧಿಸಿದ್ದಾರಂತೆ. ಸ್ವಂತ ಕೈಯಲ್ಲಿ ಹಾಕಿಕೊಳ್ಳಲು ಆಗದಷ್ಟು ಬಿಗಿ ಇದ್ದರೆ ಅದು ಸ್ಲೀವ್ ಅಲ್ಲ, ಸ್ಪ್ರಿಂಗು. ದೊಡ್ಡ ಸೈಜಿಗೆ ಬದಲಾಯಿಸಿದೆ.

ನವೆಂಬರ್‌ನಲ್ಲಿ ಸ್ಪರ್ಧೆ, ಘಟ್ಟದ ಕೆಳಗೆ. ಬೆಳಗಿನ ಜಾವ ಮಡಿಕೇರಿ ಬಿಟ್ಟು ಸಂಪಾಜೆ ಇಳಿದೆವು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದ ಜೋಡುಪಾಲದ ಹತ್ತಿರ ಬಸ್ಸಿನಲ್ಲಿ ಇವತ್ತಿಗೂ ಎಲ್ಲರೂ ಒಂದು ಕ್ಷಣ ಮಾತು ನಿಲ್ಲಿಸಿ ಮೇಲೆ ನೋಡುತ್ತಾರೆ. ಕೆಳಗಿಳಿದಂತೆ ಸೆಖೆ. ನನ್ನ ವಿಭಾಗ 83 ಕೆಜಿ, ತೂಕ ಹಾಕುವ ಹೊತ್ತಿಗೆ 82.4 ಇದ್ದೆ. ತಕ್ಕಡಿಯ ಈಚೆ ಕಡೆ ಬರೀ ಚಡ್ಡಿಯಲ್ಲಿ ನಿಂತಾಗ ಕಣದ ಹೆಂಗಸರು ನೆನಪಾದರು. ಅವರ ಹಾಗೆ ನಾನೂ ಬಗ್ಗಿ ಮುಳ್ಳು, ಅಲ್ಲ, ಅಂಕಿ ನೋಡಿದೆ.

ಸಾಮಾನು ತಪಾಸಣೆಯ ಮೇಜಿನಲ್ಲಿ ಒಬ್ಬರು ಟೇಪು ಹಿಡಿದು ಕೂತಿದ್ದರು. ಬೆಲ್ಟಿನ ಅಗಲ ಅಳೆದರು, ಮಣಿಕಟ್ಟಿನ ರ‍್ಯಾಪ್ ಬಿಡಿಸಿ ಒಂದು ಮೀಟರ್ ಮೀರಿಲ್ಲ ಅಂತ ನೋಡಿದರು. ಆಮೇಲೆ ಬೆಲ್ಟನ್ನು ಮೂಗಿನ ಹತ್ತಿರ ತಂದು, "ಇದೇನು, ಮೀನು ಸುಟ್ಟ ವಾಸನೆ?" ಅಂದರು. ಮಡಿಕೇರಿ ಮಳೆ ಅಂದೆ. ನಕ್ಕು ಸೀಲು ಹಾಕಿದರು.

ಡೆಡ್‌ಲಿಫ್ಟಿಗೆ ಮೊಣಕಾಲು ಗಂಟಿನ ಕೆಳಗೆ ಪೂರ್ತಿ ಮುಚ್ಚುವ ಉದ್ದ ಕಾಲುಚೀಲ ಕಡ್ಡಾಯ. ಬಾರು ಮಂಡಿಯ ಕೆಳಗಿನ ಎಲುಬು ಉಜ್ಜಿಕೊಂಡೇ ಮೇಲೆ ಬರುವುದರಿಂದ ಚರ್ಮ ಕಿತ್ತು ಬರುತ್ತದೆ, ಆ ರಕ್ತ ಬಾರಿಗೆ ಹತ್ತಿ ಮುಂದಿನವನ ಕೈಗೆ. ಹೊರಡುವ ಗಡಿಬಿಡಿಯಲ್ಲಿ ನಾನು ಜಿಗಣೆ ಸಾಕ್ಸ್ ತುರುಕಿದ್ದೆ, ಮಳೆಗಾಲದಲ್ಲಿ ತೋಟಕ್ಕೆ ಹಾಕುವಂಥದ್ದು. ಅದು ಪಾಸಾಗುವುದಿಲ್ಲ ಅಂದರು. ಪುಣ್ಯಕ್ಕೆ ಹುಡುಗನ ಬ್ಯಾಗಿನಲ್ಲಿ ಹಾಕಿ ಸ್ಟಾಕಿಂಗ್ಸ್ ಇತ್ತು. ಕೊಡಗಿನವರ ಬ್ಯಾಗಿನಲ್ಲಿ ಅದೊಂದು ಇದ್ದೇ ಇರುತ್ತದೆ. ಕೊನೆಗೂ ನಾನು ಹಾಕಿ ಸ್ಟಾಕಿಂಗ್ಸ್ ಹಾಕಿದ್ದು ಹೀಗೆ.

ವಾರ್ಮಪ್ ಮಾಡುವ ಹಿಂದಿನ ಕೋಣೆಯಲ್ಲಿ ಇನ್ನೊಂದು ಲೋಕ ನೋಡಿದೆ. ನಾವು ಕ್ಲಾಸಿಕ್ ವಿಭಾಗ, ಬೆಲ್ಟು, ಸ್ಲೀವ್ಸ್, ಮಣಿಕಟ್ಟಿನ ರ‍್ಯಾಪ್ ಅಷ್ಟೇ. ಅದೇ ದಿನ ಎಕ್ವಿಪ್ಡ್ ವಿಭಾಗವೂ ಇತ್ತು. ಒಬ್ಬ ಆಜಾನುಬಾಹುವಿಗೆ ಇಬ್ಬರು ಸೇರಿ ಬೆಂಚ್ ಶರ್ಟ್ ತೊಡಿಸುತ್ತಿದ್ದರು. ಶರ್ಟ್ ಅಂತ ಹೆಸರು, ಬಟ್ಟೆ ಟಾರ್ಪಾಲಿನಂತೆ. ತೋಳಿಗೆ ಏರಿಸಲು ಹತ್ತು ನಿಮಿಷ ಬೇಕಾಯಿತು. ಹಾಕಿದ ಮೇಲೆ ಅವನ ಕೈಗಳು ಮುಂದಕ್ಕೆ ಚಾಚಿಕೊಂಡೇ ನಿಂತವು, ಇಳಿಸಲು ಆಗುತ್ತಿರಲಿಲ್ಲ, ನೀರಿನ ಬಾಟಲಿಯನ್ನು ಇನ್ನೊಬ್ಬರು ಬಾಯಿಗೆ ಹಿಡಿದರು. ಮಂಡಿಗೆ ಎರಡು ಮೀಟರ್ ಉದ್ದದ ರ‍್ಯಾಪ್ ಸುತ್ತುವಾಗ ಇನ್ನೊಬ್ಬನ ಮುಖ ನೋಡಲಾಗಲಿಲ್ಲ, ಪಾದ ನೇರಳೆ ಬಣ್ಣಕ್ಕೆ ತಿರುಗಿತ್ತು. ಈ ಉಡುಪು ಕೆಳಗೆ ಇಳಿಯುವಾಗ ಹಿಗ್ಗಿ, ಮೇಲೆ ಬರುವಾಗ ವಾಪಸ್ ಎಳೆಯುತ್ತದೆ, ಹಾಗಾಗಿ ಬರೀ ಮೈಯಲ್ಲಿ ಆಗದಷ್ಟು ಭಾರ ಏಳುತ್ತದೆ. ಗಾಯ ತಪ್ಪಿಸಲು ಅಂತ ನಾನು ಅಂದುಕೊಂಡಿದ್ದೆ. ನಾನು ಕೇಳಿದಾಗ ಬೆಂಚ್ ಶರ್ಟಿನವನೇ ಹೇಳಿದ, "ಭುಜಕ್ಕೆ ಕೆಳಗೆ ಆಸರೆ ಇದೆ, ಸರಿ. ಆದರೆ ಬಾರು ದಾರಿ ಒಂದಿಂಚು ತಪ್ಪಿದರೆ ಶರ್ಟೇ ಅದನ್ನು ಮುಖದ ಕಡೆ ಎಸೆಯುತ್ತೆ. ಅದಕ್ಕೇ ಈ ಹುಡುಗರು" ಅಂತ, ಬಾರು ತಪ್ಪಿದರೆ ಹಿಡಿಯಲು ನಿಲ್ಲುವ ಸ್ಪಾಟರ್‌ಗಳ ಕಡೆ ಗಲ್ಲ ಎತ್ತಿದ. ಕೈ ಆಡಿಸಲು ಆಗುತ್ತಿರಲಿಲ್ಲವಲ್ಲ.

ಸ್ಕ್ವಾಟ್ 130 ಮತ್ತು 140 ಆಯಿತು. ಮೂರನೆಯದು 147.5ಕ್ಕೆ ಎರಡು ಕೆಂಪು ದೀಪ. ಮೂವರು ರೆಫರಿಗಳಲ್ಲಿ ಇಬ್ಬರು ಕೆಂಪು ಕೊಟ್ಟರೆ ಫೇಲ್, ಇಬ್ಬರು ಬಿಳಿ ಕೊಟ್ಟರೆ ಪಾಸ್. ತೊಡೆಸಂದಿಯ ಮಡಿಕೆ ಮಂಡಿಯ ಮೇಲ್ಭಾಗಕ್ಕಿಂತ ಕೆಳಗೆ ಇಳಿಯಬೇಕು, ನಾನು ಇಳಿಯಲಿಲ್ಲ. ಸರಿಯಾದ ತೀರ್ಪು. ಬೆಂಚ್ 95ಕ್ಕೆ ನಿಂತಿತು. ಬಾರು ಎದೆ ಮೇಲೆ ಅಲುಗದೆ ನಿಂತ ಮೇಲೆಯೇ ರೆಫರಿ 'ಪ್ರೆಸ್' ಅನ್ನುವುದು, ಅಲ್ಲಿವರೆಗೆ ಕಾಯುವುದು ಒಂದು ಯುಗ.

ಡೆಡ್‌ಲಿಫ್ಟ್ 150 ಹಗುರವಾಗಿ ಬಂತು. 160 ಬಂತು, ಮೂರೂ ಬಿಳಿ ದೀಪ, ಆದರೆ ನೆಲ ಬಿಡುವಾಗ ಸೊಂಟ ಒಂದು ಕ್ಷಣ ಮೊದಲೇ ಎದ್ದಿತು. ನೋವಿಲ್ಲ. ಮುಂದಿನ ತೂಕ ಹೇಳಲು ಒಂದು ನಿಮಿಷ ಅವಕಾಶ. ನನ್ನ ತಲೆಯಲ್ಲಿ ಹತ್ತು ತಿಂಗಳಿಂದ ಇದ್ದದ್ದು ಒಂದೇ ಅಂಕಿ, 170. ಅದು ಬಂದರೆ ಮೂರನೇ ಸ್ಥಾನ. ಅಲ್ಲಿ ಪ್ಲೇಟು ಸರಿಯಾದ ತೂಕದ್ದು, ಬೆಲ್ಟು ಸರಿಯಾದದ್ದು, ಬೆಳಗ್ಗೆ ಮೂಟೆ ಎಳೆದಿಲ್ಲ, ಆನೆಯೂ ಇಲ್ಲ. ಹುಡುಗ ಮೊಬೈಲಿನಲ್ಲಿ ಹಿಡಿದ ವಿಡಿಯೋ ತೋರಿಸಿದ. ಸೊಂಟ ಏಳುವ ಜಾಗ ನಿಲ್ಲಿಸಿ, ಏನೂ ಹೇಳದೆ ನನ್ನ ಮುಖ ನೋಡಿದ. ಬೆಲ್ಟಿದೆಯಲ್ಲ ಅಂತ ನಾಲಿಗೆ ತುದಿಗೆ ಬಂತು. 165 ಅಂತ ಬರೆದುಕೊಟ್ಟೆ.

ಇನ್ನೊಂದು ಮಾತು, ಒಂದು ಅಂಗೈ ಒಳಗೆ, ಒಂದು ಹೊರಗೆ ಮಾಡಿ ಹಿಡಿಯುವವರು ಹೊರಗಿನ ಕೈಯ ಮೊಣಕೈ ನೆಟ್ಟಗಿಡಬೇಕು. ಮಡಚಿ ಎಳೆದರೆ ತೋಳಿನ ಬೈಸೆಪ್ಸ್ ಕಿತ್ತುಹೋಗುವುದು ಆ ಕೈಯಲ್ಲೇ. ವೇದಿಕೆ ಹತ್ತುವಾಗ ಮೈಸೂರಿನಾಕೆ ಹೇಳಿದ್ದು ಇದೊಂದೇ ನೆನಪಿತ್ತು, ಉಸಿರಿನದ್ದು ನೆನಪಿಸಿಕೊಳ್ಳಬೇಕಾಗಿರಲಿಲ್ಲ. ತುಂಬಿದೆ, ಬೆಲ್ಟು ಸುತ್ತಲೂ ಒತ್ತಿತು, ಎಳೆದೆ. ಬಾರು ಮಂಡಿ ಹತ್ತಿರ ನಿಧಾನವಾಯಿತು, ನಿಲ್ಲಲಿಲ್ಲ. 'ಡೌನ್' ಅಂದರು. ಇಳಿಸಿದೆ. ಎರಡು ಬಿಳಿ, ಒಂದು ಕೆಂಪು. ಐದು ಜನರಲ್ಲಿ ನಾಲ್ಕನೆಯವನಾದೆ. ಹುಡುಗ ಹೇಳಿದ್ದ ಗ್ಯಾರಂಟಿ ಮೆಡಲ್ ಬರಲಿಲ್ಲ.

ಹಳೇ ಬೆಲ್ಟು ಬಹಳ ದಿನ ಸ್ಟೋರಿನ ಮೊಳೆಯಲ್ಲಿ ನೇತಾಡುತ್ತಿತ್ತು. ಈ ಸಲದ ಕೊಯ್ಲಿನಲ್ಲಿ ಲೋಡಿಂಗ್ ಮಾಡುವ ಒಬ್ಬರು ಕೇಳಿದರು, "ಸಾರ್, ಅದನ್ನು ಕೊಡಿ, ನನಗೂ ಸೊಂಟ ನೋವು." ಅದರಿಂದ ಆಗುವುದು ಏನೂ ಇಲ್ಲ ಅಂತ ಹೇಳಿ, ಅವರ ಪಕ್ಕೆಗೆ ಬೆರಳು ಒತ್ತಿ ಕೆಮ್ಮಲು ಹೇಳಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿ ಕೆಮ್ಮಿದರು. ಉಸಿರು ತುಂಬಿಸುವುದು ಅವರಿಗೆ ಮೊದಲೇ ಬರುತ್ತಿತ್ತು, ಇಪ್ಪತ್ತು ವರ್ಷ ಮೂಟೆ ಹೊತ್ತವರು. ಆದರೂ ಬೆಲ್ಟು ಬೇಕು ಅಂದರು, ಕೊಟ್ಟೆ. ಎರಡು ದಿನ ಕಟ್ಟಿಕೊಂಡು, "ಇದರಲ್ಲಿ ಕೂತ್ಕೊಂಡು ಬೀಡಿ ಸೇದೋಕೂ ಆಗಲ್ಲ ಸಾರ್" ಅಂತ ಬಿಚ್ಚಿದರು. ಈಗ ಸಂಜೆ ಕಣದ ಟಾರ್ಪಾಲನ್ನು ಸುತ್ತಿ ಕಟ್ಟಲು ಅದನ್ನೇ ಬಳಸುತ್ತಾರೆ. ಬಕಲ್ ಚೆನ್ನಾಗಿದೆ, ಬಿಚ್ಚಿಕೊಳ್ಳುವುದಿಲ್ಲ.